ಕಲ್ಲಲ್ಲಿ ಉಳಿದ ಒಂದು ಹಿಡಿ ಹಿಟ್ಟು

ಚುನಾವಣೆ ಮುಗಿದ ಮಾರನೇ ದಿನ. ನಮ್ಮ ಬೀದಿಯ ಹಿಟ್ಟಿನ ಮಿಲ್ಲಿಗೆ ಪುಟ್ಟಮಾದಪ್ಪನವರು ರಾಗಿ ಡಬ್ಬ ಹೊತ್ತು ಬಂದರು. ಸಾಲಿನಲ್ಲಿ ಅವರ ಮುಂದೆ ನಿಂತಿದ್ದವರು ಎದುರು ಪಕ್ಷದ ಬೋರಲಿಂಗಯ್ಯ.

ಪುಟ್ಟಮಾದಪ್ಪನವರು ಗುಡುಗಿದರು. "ಇವರ ಪಕ್ಷಕ್ಕೆ ನ್ಯಾಯ ನೀತಿ ಒಂದೂ ಇಲ್ಲ. ಇವರ ರಾಗಿ ಬೀಸಿದರೆ ಕಲ್ಲಲ್ಲಿ ಒಂದು ಹಿಡಿ ಹಿಟ್ಟು ಉಳಿಯುತ್ತೆ. ಅದು ನನ್ನ ಹಿಟ್ಟಿಗೆ ಬೆರೆಯಬಾರದು. ನನ್ನದೇ ಮೊದಲು ಹಾಕಮ್ಮ. ಇಲ್ಲಾಂದ್ರೆ ನಮ್ಮ ಪಕ್ಷದವರು ಯಾರೂ ಈ ಮಿಲ್ಲಿಗೆ ಕಾಲಿಡಲ್ಲ!"

ಮಿಲ್ಲಿನಾಕೆ ಮಿಷನ್ ನಿಲ್ಲಿಸಿದಳು.

"ಆಗಲಿ ಸಾರ್. ಆದರೆ ಆಗ ನಿಮ್ಮ ಹಿಟ್ಟು ಇವರ ಮುದ್ದೆಗೆ ಸೇರುತ್ತೆ. ಅದನ್ನುಂಡು ಇವರೂ ನಿಮ್ಮಷ್ಟೇ ಒಳ್ಳೆಯವರಾಗಿಬಿಟ್ಟರೆ, ನಾಳೆಯಿಂದ ನೀವು ಯಾರಿಗಿಂತ ಮೇಲು?"

ಆಕೆ ಬೀಸೋ ಕಲ್ಲಿನ ಕಡೆ ಕೈ ತೋರಿಸಿದಳು.

"ಅದೂ ಅಲ್ಲದೆ, ಹತ್ತು ವರ್ಷದಿಂದ ಒಬ್ಬರ ಹಿಂದೊಬ್ಬರು ಬರ್ತಿದ್ದೀರಿ. ಯಾರ ಹಿಡಿ ಯಾರ ಮನೆಗೆ ಹೋಗಿದೆಯೋ ದೇವರಿಗೇ ಗೊತ್ತು."

ಬೋರಲಿಂಗಯ್ಯ ತಿರುಗಿ ಕೈ ಮುಗಿದರು. "ಹಾಗಾದ್ರೆ ಇಷ್ಟು ವರ್ಷ ನಿಮ್ಮನೆ ಹಿಟ್ಟು ಉಂಡಿದ್ದೀನಿ ಮಾದಪ್ಪನೋರೆ. ದೊಡ್ಡ ಉಪಕಾರ."

ಪುಟ್ಟಮಾದಪ್ಪನವರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡರು. ಡಬ್ಬ ಕೆಳಗಿಟ್ಟರು.

"ನಾನೂ ಉಂಡಿದ್ದೀನಲ್ಲಯ್ಯ. ಚೆನ್ನಾಗೇ ಇತ್ತು. ಹಾಕಮ್ಮ, ಅವರದೇ ಮೊದಲು."