ಹಾರುವ ರಥ ನಡೆಸುವವರು ಯಾರು?

“ಕೇಳ್ರಪ್ಪೋ ಕೇಳಿ! ಹಾರುವ ರಥಕ್ಕೆ ಸಾರಥಿ ಬೇಕು! ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವರಿಗೆ ರಥವೂ ಉಂಟು, ಕೇಳಿದ ವರವೂ ಉಂಟು! ತಪ್ಪಿದವರ ತಲೆ ಹುಣ್ಣಿಮೆಯ ದಿನ ಉರುಳುತ್ತದೆ!”

ತಲೆ ಹೋಗುತ್ತದೆ ಎಂದು ಡಂಗುರ ಸಾರಿದರೂ ಜನ ನುಗ್ಗಿದರು ನೋಡಿ! ಹಾರುವ ಆಸೆಯೇ ಅಂಥದ್ದು. ಆ ರಥದಲ್ಲಿ ತಾನೇ ದಾರಿ ಹಿಡಿದು ಹೋಗುವ ಯಂತ್ರವಿತ್ತು. ಹಿಂದಿನ ಸಾರಥಿ ಅದನ್ನೇ ನಂಬಿ ನಿದ್ದೆಹೋದ. ರಥ ಗುಡ್ಡಕ್ಕೆ ಬಡಿದು ಪದುಮಲೆಯ ತಂದೆ ತೀರಿಹೋದರು. ಅವಳ ಸಿಟ್ಟು ಇನ್ನೂ ಆರಿರಲಿಲ್ಲ.

ದಳವಾಯಿಯ ಮಗ ಮೊದಲ ಒಗಟಿಗೇ ಸೋತ. ಜೋಯಿಸರು ಎರಡನೆಯದಕ್ಕೆ ಸೋತರು. ದೋಣಿಯ ದುರುಗ ಎರಡನ್ನೂ ಬಿಡಿಸಿ ಮೂರನೆಯದರಲ್ಲಿ ಮುಗ್ಗರಿಸಿದ. ಮೂವರೂ ಸೆರೆಮನೆ ಸೇರಿದರು.

ಹುಣ್ಣಿಮೆಗೆ ಒಂದೇ ದಿನ ಉಳಿದಾಗ ದುರುಗನ ತಂಗಿ ನಿಂಗಿ ಬಂದಳು. ಇಬ್ಬರದೂ ಒಂದೇ ದೋಣಿ. ಗಾಳಿ ಬಂದರೆ ಅಣ್ಣ ಹಾಯಿ ಕಟ್ಟಿ ಕಾಲು ಚಾಚುವವನು. ತಂಗಿಯೋ, ಒಳ್ಳೆಯ ಗಾಳಿಯಿದ್ದ ದಿನವೂ ಒಂದು ಸಲ ಹಾಯಿ ಇಳಿಸಿ ಹುಟ್ಟು ಹಾಕುವಳು. “ಹುಚ್ಚಿ!” ಎಂದು ಅವನು ನಗುತ್ತಿದ್ದ.

“ಬಳಸದೆ ಜೋಪಾನ ಮಾಡಿದರೆ ಕರಗುತ್ತದೆ, ದಿನಾ ಬಳಸಿದರೆ ಬೆಳೆಯುತ್ತದೆ. ಯಾವುದದು?” ಎಂದಳು ಪದುಮಲೆ. ದಳವಾಯಿಯ ಮಗ ಇದಕ್ಕೆ ‘ಕತ್ತಿ’ ಎಂದಿದ್ದ. ಕತ್ತಿ ಬಳಸಿದರೆ ಬೆಳೆಯುತ್ತದೆಯೇ, ಪಾಪ!

“ಕೈಚಳಕ, ಅಮ್ಮಣ್ಣಿ.”

“ನಿದ್ದೆಯಿಲ್ಲ, ದಣಿವಿಲ್ಲ, ಹೇಳಿದ್ದನ್ನು ತಪ್ಪದೆ ಮಾಡುತ್ತಾನೆ. ಆದರೂ ಒಬ್ಬನನ್ನೇ ಬಿಡುವಂತಿಲ್ಲ. ಯಾರು ಆ ಆಳು?” ಜೋಯಿಸರು ಇದಕ್ಕೆ ‘ಸೂರ್ಯ’ ಎಂದಿದ್ದರು.

“ನಿಮ್ಮ ಯಂತ್ರ. ಹೇಳಿದ್ದು ಮಾಡ್ತದೆ. ಹೇಳದೇ ಇದ್ದದ್ದು ಎದುರಿಗೆ ಬಂದ್ರೆ ಅದಕ್ಕೇನು ಗೊತ್ತು?”

ಮೂರನೆಯ ಒಗಟಿಗೆ ಪದುಮಲೆ, ನಿಂಗಿ ಇಬ್ಬರೂ ರಥವೇರಿದರು. ಪದುಮಲೆ ಹೇಳಿಕೊಟ್ಟಂತೆ ಮೊದಲ ಸುತ್ತು ನಿಂಗಿಯೇ ಹಿಡಿಕೋಲು ಹಿಡಿದು ಕೈಯಾರೆ ನಡೆಸಿದಳು. ಆಮೇಲೆ ಪದುಮಲೆ ಯಂತ್ರದ ಕೀಲಿ ತಿರುಗಿಸಿದಳು. ರಥ ನೀರಿನಂತೆ ಸಾಗಿತು. ಆದರೂ ನಿಂಗಿಯ ಅಂಗೈ ಹಿಡಿಕೋಲಿನ ಮೇಲೇ ಇತ್ತು, ಕಣ್ಣು ಗುಡ್ಡದ ಮೇಲಿತ್ತು.

ಇದ್ದಕ್ಕಿದ್ದಂತೆ ಕೋಲು ಸಡಿಲವಾಯಿತು! ರಥದ ಮೂತಿ ಕೆಳಗೆ ಬಾಗಿತು! ನಿಂಗಿ ಕೋಲನ್ನು ಎದೆಗೆ ಎಳೆದಳು. ಅದೇ ಗಳಿಗೆಗೆ ಪದುಮಲೆ ಕೇಳಿದಳು: “ಈಗ ರಥ ನಡೆಸುತ್ತಿರುವವರು ಯಾರು?”

“ನಾನು ಕಣಮ್ಮಣ್ಣಿ, ನಾನು!”

ಪದುಮಲೆ ಮುಷ್ಟಿ ಬಿಚ್ಚಿದಳು. ಯಂತ್ರದ ಕೀಲಿ ಅದರೊಳಗಿತ್ತು. “ನಾನೇ ಕಿತ್ತೆ. ನಿನ್ನಣ್ಣ ಕೈಕಟ್ಟಿ ಕೂತು ‘ಯಂತ್ರ’ ಅಂದ. ಕೋಲು ನಾನು ಹಿಡಿಯಬೇಕಾಯಿತು. ಹಾಗಾದರೆ ಯಂತ್ರವೇ ಬೇಡವೇ?”

“ಬೇಕು. ದೂರದ ದಾರೀಲಿ ನನಗೂ ಸುಸ್ತಾಗ್ತದೆ. ಆದ್ರೆ ಗಾಳಿ ಒಳ್ಳೇದಿದ್ದ ದಿನ ಕೈಯಲ್ಲೇ ನಡೆಸ್ತೀನಿ. ಬಿರುಗಾಳೀಲಿ ಕಲಿಯೋಕಾಗಲ್ಲ.”

ಪದುಮಲೆಯ ಕಣ್ಣು ತುಂಬಿತು. “ಅಪ್ಪಾಜಿಯ ಪಕ್ಕ ನೀನಿರಬೇಕಿತ್ತು. ವರ ಕೇಳು.”

“ಸೆರೆಯಲ್ಲಿರೋ ಮೂರೂ ತಲೆ.”

ನಿಂಗಿ ಸಾರಥಿಯಾದಳು. ಹುಣ್ಣಿಮೆಯ ಬೆಳಿಗ್ಗೆ ಹೊಳೆಯ ಮೇಲೆ ಹಾರುವಾಗ ಕೆಳಗೆ ಬಗ್ಗಿ ನೋಡಿದಳು. ಒಳ್ಳೆಯ ಗಾಳಿ ಬೀಸುತ್ತಿತ್ತು. ದುರುಗ ಹಾಯಿ ಇಳಿಸಿ, ಬೆವರು ಸುರಿಸುತ್ತ ಹುಟ್ಟು ಹಾಕುತ್ತಿದ್ದ.