ಎಲ್ಲರಿಗೂ ಇಪ್ಪತ್ತು

ಜಿಲ್ಲಾ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಎಸ್ತರಮ್ಮ ಅನ್ನುವ ಹಿರಿಯ ನರ್ಸ್ ಇದ್ದರು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದವಳು ನಂಜಮಣಿ. ಗುತ್ತಿಗೆ ಮೇಲೆ ಸೇರಿ ನಾಲ್ಕು ತಿಂಗಳಾಗಿತ್ತು.

ವಾರ್ಡಿನಲ್ಲಿ ನಲವತ್ತಾರು ರೋಗಿಗಳು. ನೋಡಿಕೊಳ್ಳಲು ಇವರಿಬ್ಬರೇ. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಮಷೀನು ಕೆಟ್ಟು ತಿಂಗಳಾಗಿತ್ತು. ಹೊಸದು ಬೇಕೆಂದು ಬರೆದುಕೊಟ್ಟ ಅರ್ಜಿ ಯಾರ ಮೇಜಿನ ಮೇಲೆ ಗೊರಕೆ ಹೊಡೆಯುತ್ತಿತ್ತೋ ಯಾರಿಗೂ ತಿಳಿಯದು.

ಒಂದು ಬೆಳಗ್ಗೆ ಎಸ್ತರಮ್ಮ, ಮಣಿ ಬರೆದಿಟ್ಟ ಚಾರ್ಟುಗಳನ್ನು ತಿರುವಿ ಹಾಕಿದರು. ಜ್ವರ ಒಬ್ಬೊಬ್ಬರಿಗೆ ಒಂದೊಂದು. ಬಿಪಿ ಒಬ್ಬೊಬ್ಬರಿಗೆ ಒಂದೊಂದು. ಉಸಿರಾಟ ಮಾತ್ರ ನಿಮಿಷಕ್ಕೆ ಇಪ್ಪತ್ತು. ನಲವತ್ತಾರು ಜನಕ್ಕೂ.

"ಏನು ಮಣಿ, ಎಲ್ಲರೂ ಒಟ್ಟಿಗೇ ಉಸಿರಾಡ್ತಾ ಇದಾರಾ? ಭಜನೆ ಮಂಡಳಿಗೇನಾದ್ರೂ ಸೇರಿಸಿದೀಯಾ?"

ಮಣಿಯ ಕಿವಿ ಬಿಸಿಯಾಯಿತು.

"ಎಲ್ಲಾ ವಾರ್ಡಿನಲ್ಲೂ ಹಂಗೇ ಬರೀತಾರೆ ಸಿಸ್ಟರ್. ಕಾಲೇಜಿನಲ್ಲಿ ಸೀನಿಯರ್ ಅಕ್ಕಂದಿರೂ ಅದನ್ನೇ ಹೇಳಿಕೊಟ್ಟಿದ್ದು."

"ನೀನು ಎಣಿಸಿದೆಯಾ?"

"ಒಬ್ಬೊಬ್ಬರಿಗೆ ಒಂದು ನಿಮಿಷ ಅಂದ್ರೂ ನಲವತ್ತಾರು ನಿಮಿಷ ಸಿಸ್ಟರ್. ಡ್ರೆಸ್ಸಿಂಗ್ ಇದೆ, ಇಂಜೆಕ್ಷನ್ ಇದೆ, ಹತ್ತು ಗಂಟೆಗೆ ರೌಂಡ್ಸ್. ಖಾಲಿ ಬಿಟ್ರೆ ಡಾಕ್ಟರು ಎಲ್ಲರ ಮುಂದೆ ಮಾನ ಕಳೀತಾರೆ. ನಾನೇನು ಮಾಡ್ಲಿ?"

ಎಸ್ತರಮ್ಮ ಬೈಯಲಿಲ್ಲ. ಕೈಗಡಿಯಾರ ಬಿಚ್ಚಿ ಮಣಿಯ ಕೈಗಿಟ್ಟರು.

"ಇವತ್ತು ಬೆಳಗ್ಗೆಯಿಂದ ನಿನ್ನನ್ನ ಯಾರು ಕೂಗೇ ಇಲ್ಲ?"

ಮಣಿ ಯೋಚಿಸಿದಳು. ಎಂಟನೇ ಮಂಚದವಳು ಕೂಗಿದ್ದಳು. ಕಿಟಕಿ ಪಕ್ಕದ ಅಜ್ಜಿ ಆರು ಸಲ ಕೂಗಿದ್ದಳು. ನೀರು, ಫ್ಯಾನು, ಮಗ ಬಂದನಾ ನೋಡು.

"ಸಾಕಮ್ಮ," ಅಂದಳು. "ಹದಿನೇಳನೇ ಮಂಚ. ಆಪರೇಷನ್ ಆಗಿ ಮೂರನೇ ದಿನ. ಪಾಪ, ಒಳ್ಳೆಯೋರು, ಏನೂ ಕಾಟ ಕೊಡಲ್ಲ."

"ಅವಳ ಹತ್ತಿರ ನಡಿ. ನಾಡಿ ನೋಡೋ ಹಾಗೆ ಮಣಿಕಟ್ಟು ಹಿಡಿ. ಕಣ್ಣು ಮಾತ್ರ ಎದೆ ಮೇಲಿರಲಿ. ಉಸಿರು ಎಣಿಸ್ತೀನಿ ಅಂತ ಬಾಯಿಬಿಡಬೇಡ. ಗೊತ್ತಾದ್ರೆ ಉಸಿರಾಟ ಬದಲಾಗುತ್ತೆ."

ಸಾಕಮ್ಮ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯವಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಅವಳ ಗರ್ಭಕೋಶ ತೆಗೆದಿದ್ದರು. ಮಣಿ ಕೈ ಹಿಡಿದಾಗ ನಕ್ಕಳು.

"ಏನವ್ವಾ... ಹಿಂಗೆ ಕೈ ಹಿಡ್ಕಂಡೆ... ಧಾರೆ ಎರೆದು ಕೊಡ್ತೀಯಾ ಯಾರಿಗಾದ್ರೂ?"

"ಸುಮ್ನಿರಿ ಅಮ್ಮ, ನಾಡಿ ನೋಡ್ತಾ ಇದೀನಿ."

"ನಂಗೇನಾಗಿದೆ... ಚೆನ್ನಾಗಿವ್ನಿ. ಆ ಅಜ್ಜೀನ ನೋಡೋಗು... ಒಂದೇ ಸಮ ಕೂಗ್ತದೆ."

ಮಣಿ ಎಣಿಸಿದಳು. ಇಪ್ಪತ್ತು ದಾಟಿದಾಗ ಮುಳ್ಳು ಆಗಷ್ಟೇ ಅರ್ಧ ದಾರಿ ದಾಟಿತ್ತು. ನಿಮಿಷ ಮುಗಿದಾಗ ಮೂವತ್ತಾರು. ತಪ್ಪಿರಬೇಕು ಅಂದುಕೊಂಡು ಮತ್ತೆ ಎಣಿಸಿದಳು. ಮೂವತ್ತೆಂಟು. ಆಗ ಅವಳಿಗೆ ಕಂಡಿತು: ಸಾಕಮ್ಮ ಪ್ರತಿ ನಾಲ್ಕು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಬೆಳಗ್ಗೆಯೂ ನಿಂತಿರಬೇಕು. ಇವಳು ನೋಡಿರಲಿಲ್ಲ.

"ಸಿಸ್ಟರ್..."

"ಡ್ಯೂಟಿ ಡಾಕ್ಟರನ್ನ ಕರಕೊಂಡು ಬಾ. ನಾನು ಆಕ್ಸಿಜನ್ ಹಾಕ್ತೀನಿ. ಓಡು!"

ಮಣಿ ಓಡಿದಳು. ಡಾಕ್ಟರು ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಾಲು ಒತ್ತಿ ನೋಡಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅಂದರು. ಕಾಲು ಗಂಟೆಯಲ್ಲಿ ಸಾಕಮ್ಮನನ್ನು ಐಸಿಯುಗೆ ತಳ್ಳಿಕೊಂಡು ಹೋದರು. ಹೋಗುವಾಗಲೂ ಅವಳು ಅಜ್ಜಿಯ ಕಡೆಗೇ ಕೈ ತೋರಿಸುತ್ತಿದ್ದಳು.

ಮಣಿ ಪರದೆಯ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ಎಸ್ತರಮ್ಮ ಅಲ್ಲಿಗೇ ಬಂದರು.

"ನಾನೂ ಇಪ್ಪತ್ತು ಬರೆದಿದ್ದೀನಿ. ಒಂಬತ್ತು ವರ್ಷ."

ಮಣಿ ತಲೆ ಎತ್ತಿದಳು. "ಆಮೇಲೆ?"

"ಆಮೇಲೆ ಒಬ್ಬಳು ಬಾಣಂತಿ ಹೋದಳು. ಚಾರ್ಟಿನಲ್ಲಿ ಇಪ್ಪತ್ತೇ ಇತ್ತು."

ಮಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮುಖ ತೊಳಕೋ," ಅಂದರು ಎಸ್ತರಮ್ಮ. "ಇನ್ನೂ ನಲವತ್ತೈದು ಜನ ಇದಾರೆ."

"ಅಷ್ಟೂ ಜನರನ್ನ ನೋಡಕ್ಕಾಗಲ್ಲ ಸಿಸ್ಟರ್. ಯಾರನ್ನ ಮೊದಲು ನೋಡ್ಲಿ?"

"ಕೂಗೋರಿಗೆ ಕೂಗೋಷ್ಟು ಉಸಿರಿದೆ. ಆಪರೇಷನ್ ಆದೋರು, ರಕ್ತ ಹೋದೋರು, ಜ್ವರ ಇಳಿಯದೇ ಇರೋರು. ಅವರಲ್ಲೂ ಸುಮ್ಮನೆ ಮಲಗಿರೋರು ಮೊದಲು."

"ಬರೆದುಬಿಟ್ಟಿರೋ ಇಪ್ಪತ್ತು?"

"ಅದರ ಮೇಲೆ ಒಂದೇ ಗೆರೆ ಎಳೆದು ಸಹಿ ಹಾಕು. ಗೀಚಬೇಡ. ಸುಳ್ಳು ಬರೆದದ್ದೂ ಕಾಣಲಿ."

ಮಣಿ ಗಡಿಯಾರ ಹಿಡಿದು ಹೊರಟಳು. ಡ್ರೆಸ್ಸಿಂಗ್ ಮಾಡುತ್ತಲೇ, ಡ್ರಿಪ್ ಬದಲಿಸುತ್ತಲೇ, ಕಿಟಕಿ ಅಜ್ಜಿಯ ಬೈಗುಳ ತಿನ್ನುತ್ತಲೇ ಎಣಿಸಿದಳು. "ನಿನ್ ಗಡಿಯಾರಕ್ಕೆ ಬೆಂಕಿ ಬೀಳ, ನೀರು ಕೊಡೇ," ಅಂದಳು ಅಜ್ಜಿ. ನೀರು ಕೊಟ್ಟು ಅಜ್ಜಿಯ ಉಸಿರನ್ನೂ ಎಣಿಸಿದಳು. ಇಪ್ಪತ್ತೆರಡು. ಹತ್ತು ಗಂಟೆಗೆ ಹದಿನಾಲ್ಕು ಜನರದ್ದು ಆಗಿತ್ತು. ಮೂವತ್ತೊಂದು ಚಾರ್ಟಿನಲ್ಲಿ ಗೆರೆ ಎಳೆದ ಇಪ್ಪತ್ತು, ಪಕ್ಕದಲ್ಲಿ ಏನೂ ಇಲ್ಲ.

ರೌಂಡ್ಸಿಗೆ ದೊಡ್ಡ ಡಾಕ್ಟರು ಪರಶಿವಮೂರ್ತಿ ಬಂದರು. ನಾಲ್ಕು ಚಾರ್ಟು ನೋಡಿ ಐದನೆಯದನ್ನು ಟ್ರಾಲಿಯ ಮೇಲೆ ಎಸೆದರು.

"ಯಾರದಮ್ಮ ಈ ಸೋಮಾರಿತನ? ನಿನ್ನೆಯವರೆಗೂ ನೀಟಾಗಿ ಇರ್ತಿತ್ತಲ್ಲ!"

ಮಣಿಯ ಗುತ್ತಿಗೆ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಬೇಕಾದವರೇ ಇವರು. ಅವಳು ಎಸ್ತರಮ್ಮನ ಕಡೆ ನೋಡಿದಳು. ಅವರು ಯಾರದೋ ಬೆನ್ನು ಒರೆಸುತ್ತಿದ್ದರು.

"ನಿನ್ನೆಯವರೆಗೂ ಬರೆದದ್ದು ಸುಳ್ಳು ಸರ್," ಅಂದಳು ಮಣಿ. "ಇವತ್ತು ಹದಿನಾಲ್ಕು ಜನರದ್ದು ಎಣಿಸಿದೀನಿ. ಉಳಿದದ್ದಕ್ಕೆ ಹೊತ್ತು ಸಾಲಲಿಲ್ಲ."

ಅಜ್ಜಿಯೂ ಕೂಗಲಿಲ್ಲ.

ಡಾಕ್ಟರು ಕನ್ನಡಕ ತೆಗೆದರು. ಕೆಟ್ಟವರೇನಲ್ಲ ಅವರು. ಐಸಿಯುನಿಂದಲೇ ಬಂದಿದ್ದರು. ದನಿ ತಗ್ಗಿಸಿ ಹೇಳಿದರು.

"ಸಾಕಮ್ಮ ಸದ್ಯಕ್ಕೆ ಪರವಾಗಿಲ್ಲ. ನೀನು ಎಣಿಸಿದ್ದರಿಂದಲೇ. ಅದು ನನಗೆ ಗೊತ್ತು. ಆದರೆ ಮಧ್ಯಾಹ್ನ ಮೇಲಿನ ಆಫೀಸಿನವರು ತಪಾಸಣೆಗೆ ಬರ್ತಾರೆ. ಈ ಗೆರೆ, ಈ ಖಾಲಿ ನೋಡಿದ್ರೆ ನಿನ್ನ ಕೆಲಸ ನಾನೂ ಉಳಿಸಕ್ಕಾಗಲ್ಲ. ಹೊಸ ಹಾಳೆ ತಗೊಂಡು ಬೇರೆ ಬರೆದುಬಿಡು. ಯಾರೂ ಕೇಳಲ್ಲ."

ಅವರು ಹೋದರು. ಆಯಾ ಹೊಸ ಹಾಳೆಗಳ ಕಟ್ಟು ತಂದು ಮೇಜಿನ ಮೇಲಿಟ್ಟು ಹೋದಳು.

ಮಣಿ ಬಹಳ ಹೊತ್ತು ಆ ಬಿಳಿ ಹಾಳೆಗಳನ್ನೇ ನೋಡುತ್ತಾ ನಿಂತಳು. ಒಂಬತ್ತು ವರ್ಷ, ಅಂದಿದ್ದರು ಎಸ್ತರಮ್ಮ. ಅವರನ್ನೂ ಒಂದು ದಿನವೂ ಯಾರೂ ಕೇಳಿರಲಿಲ್ಲ.

ಕಟ್ಟನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದಳು. ಗೆರೆ ಎಳೆದ ಚಾರ್ಟುಗಳನ್ನು ಜೋಡಿಸಿ ತಪಾಸಣೆಯವರಿಗೆಂದು ಹಾಕಿದ್ದ ಮೇಜಿನ ಮೇಲಿಟ್ಟಳು.

"ಸಿಸ್ಟರ್, ಮಧ್ಯಾಹ್ನ ನನ್ನನ್ನ ಕರೀತಾರೆ. ಮೂವತ್ತೊಂದು ಜನರದ್ದು ಯಾಕೆ ಎಣಿಸಲಿಲ್ಲ ಅಂತ ಕೇಳ್ತಾರೆ. ನಾನೇನು ಹೇಳ್ಲಿ?"

ಎಸ್ತರಮ್ಮ ಒದ್ದೆ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು. ಬಂದು ಮಣಿಯ ಪಕ್ಕದಲ್ಲಿ ನಿಂತರು.

"ಹೇಳಬೇಡ ಮಗಳೇ, ಕೇಳು. ನಲವತ್ತಾರು ಜನರ ಉಸಿರು ಕಾಯೋಕೆ ಎಷ್ಟು ಕೈ ಕೊಟ್ಟಿದ್ರಿ ಅಂತ ಕೇಳು."