ಗುರುವಿಗೆ ನೀರು ಕೊಟ್ಟ ಗಾದ್ರಿ

ಗಿರಿಯವ್ವನಿಗೆ ಒಬ್ಬನೇ ಮಗ, ಗಾದ್ರಿ. ಆಳು ಅಂದರೆ ಆಳು, ಆರಡಿ ಆಳು! ಬುದ್ಧಿ ಮಾತ್ರ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು, ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಮ್ಮಿ ಇಲ್ಲ. ಅದಕ್ಕೇ ಯಾರೂ ಅವನನ್ನ ಕೆಲಸಕ್ಕೆ ಕರೀತಿರಲಿಲ್ಲ. "ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಗಂಜಿ ಹಾಕೋರು ಯಾರಪ್ಪಾ?" ಅಂತ ಗಿರಿಯವ್ವ ಕಂಬಳಿ ನೇಯ್ತಾ ನೇಯ್ತಾ ಕಣ್ಣೊರೆಸಿಕೊಳ್ಳೋಳು.

ಆ ವರ್ಷ ಚಳಿಗಾಲದಲ್ಲಿ ಪಂಕಜಾಕ್ಷಿ ಟೀಚರು ಊರಿಗೊಂದು ದೊಡ್ಡ ದುರ್ಬೀನು ತಂದರು. ಸಂಜೆ ಹೊತ್ತು ಗುಡ್ಡದ ಮೇಲಿಟ್ಟು ಜನಕ್ಕೆ ಚಂದ್ರ, ಗ್ರಹ ಎಲ್ಲ ತೋರಿಸಬೇಕು ಅಂತ ಅವರಾಸೆ. ಅದನ್ನ ಹೊರೋಕೆ ಗಟ್ಟಿ ಆಳು ಬೇಕು. ಗಿರಿಯವ್ವ ಹೋಗಿ ಕೈಮುಗಿದಳು.

"ನಮ್ಮ ಗಾದ್ರೀನ ಕರ್ಕೊಳ್ಳಿ ತಾಯಿ!"

"ಆಗಲಮ್ಮ. ನಾಲ್ಕು ದಿನ ನೋಡ್ತೀನಿ. ಸರಿಹೋದರೆ ಚಳಿಗಾಲ ಪೂರ್ತಿ ಇರಲಿ."

ಮೊದಲ ಸಂಜೆ. ಪಡುವಣದಲ್ಲಿ ಉಗುರಿನಷ್ಟು ಚಂದ್ರ. "ಜನಾನ ಕರ್ಕೊಂಡು ಬರ್ತೀನಿ, ಚಂದ್ರನ ಮೇಲೆ ಒಂದು ಕಣ್ಣಿಟ್ಟಿರಪ್ಪ," ಅಂದು ಟೀಚರು ಕೆಳಗಿಳಿದರು. ಗಾದ್ರಿ ಒಂದು ಕಣ್ಣನ್ನ ಕೈಯಲ್ಲಿ ಮುಚ್ಚಿದ, ಇನ್ನೊಂದನ್ನ ಚಂದ್ರನ ಮೇಲಿಟ್ಟ. ಮೇಕೆ ಬಂತು. ಟೀಚರ ನಕ್ಷತ್ರದ ಪಟ ಹರಿದು ಮೇಯ್ತು. ಗಾದ್ರಿ ಕದಲಲಿಲ್ಲ.

"ಮೇಕೆ ಕಾಣಲಿಲ್ವೇನಯ್ಯ?"

"ಒಂದು ಕಣ್ಣು ಚಂದ್ರನ ಮೇಲಿತ್ತು, ಒಂದು ಮುಚ್ಚಿತ್ತು. ಮೇಕೆಗೆ ಮೂರನೇ ಕಣ್ಣು ಎಲ್ಲಿಂದ ತರ್ಲಿ ಟೀಚರಮ್ಮ?"

ಮನೇಲಿ ಅವ್ವ ಬೈದಳು. "ಪೆದ್ದಪ್ಪಾ! ಸಾಮಾನು ನೋಡ್ಕೋಬೇಕು ಕಣೋ! ಆಕಾಶ ಎಲ್ಲಿಗೂ ಓಡಿಹೋಗಲ್ಲ!"

"ಆಗಲವ್ವ!"

ಎರಡನೇ ಸಂಜೆ. "ಮೂಡಣದಲ್ಲಿ ಗುರು ಬಂದ ಕೂಡಲೇ ಕೂಗು," ಅಂದು ಟೀಚರು ಗುಡ್ಡದ ಪಡುವಣ ಬುಡದಲ್ಲಿ ಕಾಯ್ತಿದ್ದ ಜನರ ಹತ್ತಿರ ಹೋದರು. ಗಾದ್ರಿ ಸಾಮಾನು ನೋಡ್ತಾ ಕೂತ. ಚೀಲ ನೋಡಿದ, ಕಂದೀಲು ನೋಡಿದ, ಮತ್ತೆ ಚೀಲ ನೋಡಿದ. ಗುರು ಬಂದ, ಮಾರುದ್ದ ಮೇಲೇರಿದ. ಗಾದ್ರಿ ತಲೆ ಎತ್ತಲಿಲ್ಲ, ಕೂಗಲಿಲ್ಲ. ಜನ ಕಾದು ಕಾದು, ನಡುಗಿ ನಡುಗಿ ಮನೆಗೆ ಹೋದರು.

ಅವ್ವ ಹಣೆ ಚಚ್ಚಿಕೊಂಡಳು. "ಗುರು ಬಂದರೆ ತಲೆ ತಗ್ಗಿಸ್ಕೊಂಡು ಕೂರೋದೇನೋ? ಎದ್ದು ಕೈಮುಗೀಬೇಕು, ಕಾಲಿಗೆ ನೀರು ಕೊಡಬೇಕು!" ಪಾಪ, ಅದು ಯಾವ ಗುರು ಅಂತ ಅವಳಿಗೆ ಗೊತ್ತಿದ್ದರೆ ತಾನೇ?

"ಆಗಲವ್ವ!"

ಮೂರನೇ ಸಂಜೆ ಟೀಚರೇ ಕರೆದರು. "ನೋಡು ಬಾ ಗಾದ್ರಿ, ಗುರು ಕೊಳವೆಯೊಳಗೇ ಬಂದಿದಾನೆ." ಗಾದ್ರಿ ಇಣುಕಿದ. ಹೌದು! ದುಂಡಗೆ, ಹೊಳೀತಾ ಗುರು. ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕಿ. "ಅಬ್ಬಾ! ಶಿಷ್ಯರೂ ಬಂದಿದಾರೆ!" ಅಂದವನೇ ಕೈಮುಗಿದ, ಒಂದು ಚೊಂಬು ನೀರು ತಂದು ಕೊಳವೆಯೊಳಗೆ ಸುರಿದ.

ಟೀಚರು ಸೆರಗಲ್ಲಿ ಗಾಜು ಒರೆಸ್ತಾ ಕೂತರು. ಅವ್ವ ಮಾತ್ರ ಅತ್ತೇಬಿಟ್ಟಳು. "ಶನಿ! ನನ್ನ ಹೊಟ್ಟೇಲಿ ಹುಟ್ಟಿದ ಶನಿ ಕಣೋ ನೀನು! ಉಳಿದಿರೋದು ನಾಳೆ ಒಂದೇ ದಿನ. ನಿನ್ನಷ್ಟಕ್ಕೆ ಏನೂ ಮಾಡ್ಬೇಡ. ಟೀಚರಮ್ಮ ಕರೆದರೆ ಮುಂದೆ ಬಾ, ಹೇಳಿದ್ದಷ್ಟು ಮಾಡು!"

"ಆಗಲವ್ವ!"

ನಾಲ್ಕನೇ ಸಂಜೆ ಊರಿಗೆ ಊರೇ ಗುಡ್ಡ ಹತ್ತಿತು. ಗಿರಿಯವ್ವನೂ ಬಂದಳು. ಟೀಚರು ಅಂದರು, "ಹೆದರಬೇಡಿ, ಈಗ ಶನಿ ಮುಂದೆ ಬರ್ತಾನೆ." ಗಾದ್ರಿ ಕಂಬಳಿ ಸರಿಮಾಡಿಕೊಂಡು, ಕೊಳವೆ ಮುಂದೆ ಬಂದು ನಿಂತ.

"ಬರೀ ಕತ್ತಲೆ ತಾಯಿ!" ಅಂದಳು ಗಿರಿಯವ್ವ, ಕಣ್ಣಿಟ್ಟು.

"ನಾನೇ ಅವ್ವ!"

ಟೀಚರು ನಕ್ಕು ಅವನನ್ನ ಪಕ್ಕಕ್ಕೆ ಸರಿಸಿದರು. ಗಿರಿಯವ್ವ ಮತ್ತೆ ನೋಡಿದಳು. ಸಣ್ಣಗೆ, ಬೆಳ್ಳಗೆ, ಸುತ್ತ ಒಂದು ಬಳೆ ತೊಟ್ಟು ಸುಮ್ಮನೆ ನಿಂತಿದ್ದ ಶನಿ. ಅವಳು ಕೆನ್ನೆಗೆ ಕೈಯಿಟ್ಟುಕೊಂಡಳು. "ಅಯ್ಯೋ, ಶನಿ ಇಷ್ಟು ಚಂದ ಇದಾನಾ!"

ಗಾದ್ರಿ ನಾಚಿ ತಲೆ ತಗ್ಗಿಸಿದ.

"ಬೇಗ ಬೇಗ ನೋಡಿ!" ಟೀಚರು ಚಪ್ಪಾಳೆ ತಟ್ಟಿದರು. "ಇನ್ನರ್ಧ ಗಂಟೇಲಿ ಶನಿ ಮುಳುಗಬೇಕು!"

ಎಲ್ಲರೂ ನೋಡಿ ಮುಗಿಸಿದರು. ದುರ್ಬೀನು ಹೊರೋಕೆ ಗಾದ್ರಿ ಎಲ್ಲಿ? ಗುಡ್ಡದ ಮೇಲಿಲ್ಲ, ದಾರೀಲಿಲ್ಲ. ಕಂದೀಲು ಹಿಡಿದು ಹುಡುಕಿದರೆ ಗುಡ್ಡದ ಬುಡದ ಕೆರೇಲಿ ಒಂದು ತಲೆ! ಹಲ್ಲು ಕಟಕಟ ಅಂತಿದೆ.

"ಎದ್ದು ಬಾರೋ ಮಗನೇ!"

"ಹೇಗೆ ಬರ್ಲಿ ಅವ್ವ? ಮುಳುಗಬೇಕು ಅಂದಿದಾರೆ. ಎಷ್ಟು ಹೊತ್ತಾದರೂ ಕುತ್ತಿಗೆವರೆಗೇ ನೀರು! ಇಷ್ಟು ಮುಳುಗಿದರೆ ಸಾಕಾ, ಕೇಳು."

ಟೀಚರು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡರು. ತಮ್ಮ ಶಾಲು ಬಿಚ್ಚಿ ಚಾಚಿದರು. "ಸಾಕು ಏಳಪ್ಪ, ಮೈ ಒರೆಸ್ಕೋ. ಕೆಲಸ ನಿಂದೇ. ನಾಳೆ ಸಂಜೆ ಮತ್ತೆ ಬಾ."

ಗಾದ್ರಿ ನೀರೊಳಗಿಂದಲೇ ಕೇಳಿದ:

"ನಾಳೇನೂ ಮುಳುಗಬೇಕಾ ಟೀಚರಮ್ಮ?"